ಜಗುಲಿಯ ಮಾತಿಗೆ ಹೊಣೆ ಯಾರು?

ಮಾತು ಆಡಿದವನದು, ಆದರೆ ಮಾತಿಗೆ ಒಂದು ಎಡೆಯೂ ಬೇಕು. ಹಳ್ಳಿಯ ಅರಳಿಕಟ್ಟೆ, ಪೇಟೆಯ ಅಂಗಡಿಯ ಜಗುಲಿ, ಕ್ಷೌರದಂಗಡಿಯ ಬೆಂಚು, ಇವೆಲ್ಲ ಬಹುಕಾಲದಿಂದ ನಮ್ಮ ಜನರ ಮಾತುಕತೆಗೆ ಎಡೆಕೊಟ್ಟ ಸ್ಥಳಗಳು. ಜಗುಲಿಯ ಮೇಲೆ ಕುಳಿತವನೊಬ್ಬನು ಊರ ಗೌಡನನ್ನೋ ಶಾನುಭೋಗನನ್ನೋ ಹಳಿದರೆ, ಆ ಹಳಿವಿಗೆ ಜಗುಲಿಯ ಯಜಮಾನನು ಉತ್ತರ ಹೇಳಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಅದೇ ಹಳಿವನ್ನು ಯಾರೋ ಇದ್ದಿಲಿನಲ್ಲಿ ಆತನ ಗೋಡೆಯ ಮೇಲೆ ಬರೆದುಹೋದರೆ, ಯಜಮಾನನು ಅದನ್ನು ದಿನವೂ ನೋಡುತ್ತ ಅಳಿಸದೆ ಬಿಟ್ಟರೆ, ಆಗ ಊರಿನವರು ಅವನ ಕಡೆಗೂ ಕಣ್ಣು ತಿರುಗಿಸುವುದು ಸಹಜ. ‘ಬರೆದವನು ಯಾರೋ ಇರಲಿ, ಅಳಿಸಬೇಕಾದವನು ನೀನಲ್ಲವೆ?’ ಎಂದು ಅವರು ಕೇಳದೆ ಇರಲಾರರು.

ಈ ಹಳೆಯ ಪ್ರಶ್ನೆಯೇ ಇಂದು ಹೊಸ ವೇಷ ತೊಟ್ಟು ನಮ್ಮ ಮುಂದೆ ನಿಂತಿದೆ. ಅಂತರ್ಜಾಲದ ತಾಣಗಳಲ್ಲಿ ಬಹುಪಾಲನ್ನು ತುಂಬುವವರು ತಾಣದ ಒಡೆಯರಲ್ಲ. ಅಲ್ಲಿಗೆ ಬಂದುಹೋಗುವ ಜನರು. ಅವರೇ ಬರೆಯುತ್ತಾರೆ, ಚಿತ್ರ ಹಾಕುತ್ತಾರೆ, ಸರಕನ್ನು ಮಾರಾಟಕ್ಕೆ ಇಡುತ್ತಾರೆ, ಒಬ್ಬರನ್ನೊಬ್ಬರು ಹೊಗಳುತ್ತಾರೆ, ತೆಗಳುತ್ತಾರೆ. ಹೀಗೆ ಬಂದವನೊಬ್ಬನು ಮತ್ತೊಬ್ಬನ ಮಾನಕ್ಕೆ ಕುಂದು ತಂದರೆ, ಕಾಯಿದೆಗೆ ವಿರುದ್ಧವಾದುದನ್ನು ಪ್ರಕಟಿಸಿದರೆ, ತಾಣದ ಒಡೆಯನಿಗೆ ಅದರಲ್ಲಿ ಪಾಲುಂಟೆ? ಉಂಟಾದರೆ ಎಷ್ಟು? ಯಾವಾಗಿನಿಂದ?

‘ಹೊಣೆ’ ಎಂಬ ನಮ್ಮ ಮಾತಿನ ಅರ್ಥವನ್ನು ಇಲ್ಲಿ ಸ್ವಲ್ಪ ನೆನೆಯುವುದು ಒಳ್ಳೆಯದು. ಹಳಗನ್ನಡದಲ್ಲಿ ಇದು ‘ಪೊಣೆ’. ಒಬ್ಬನ ಸಾಲಕ್ಕೋ ನಡತೆಗೋ ಮತ್ತೊಬ್ಬನು ಜಾಮೀನು ನಿಲ್ಲುವುದಕ್ಕೆ ಈ ಹೆಸರು. ಜಾಮೀನು ನಿಲ್ಲುವವನು ತಿಳಿದು ನಿಲ್ಲುತ್ತಾನೆ. ಯಾವನೋ ಮಾಡಿದ ಸಾಲಕ್ಕೆ ಸುದ್ದಿಯೇ ತಿಳಿಯದ ಇನ್ನಾವನನ್ನೋ ಹೊಣೆಗಾರನೆಂದು ಹಿಡಿದು ತರುವಂತಿಲ್ಲ. ತಿಳಿವು ಇದ್ದಲ್ಲಿ ಹೊಣೆ, ತಿಳಿವು ಇಲ್ಲದಲ್ಲಿ ಹೊಣೆಯಿಲ್ಲ. ನ್ಯಾಯಶಾಸ್ತ್ರವು ಈ ವಿಷಯದಲ್ಲಿ ಸುತ್ತಿ ಸುತ್ತಿ ಬಂದು ನಿಂತದ್ದು ಬಹುಮಟ್ಟಿಗೆ ಈ ಮಾತಿನ ಬಳಿಯಲ್ಲಿಯೇ. ಆದರೆ ‘ತಿಳಿವು’ ಎಂದರೇನು ಎಂಬುದು ಮಾತ್ರ ಇಂದಿಗೂ ಸುಲಭವಾಗಿ ತೀರದ ವಾದವಾಗಿದೆ.

ಮೊದಲು ಇಂಗ್ಲೆಂಡಿನ ಒಂದು ಮೊಕದ್ದಮೆಯನ್ನು ನೋಡೋಣ. ಅಲ್ಲಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಜೂಜಿನ ಯಂತ್ರಗಳಿದ್ದವು. ಅವು ಕಾಯಿದೆಗೆ ವಿರುದ್ಧ. ಯಾರೋ ಪೋಲೀಸರಿಗೆ ಸುದ್ದಿ ಮುಟ್ಟಿಸಲು ಯಂತ್ರಗಳು ಹೋದವು. ಬಳಿಕ ಕ್ಲಬ್ಬಿನ ಗೋಡೆಯ ಮೇಲೆ ಒಂದು ಚುಚ್ಚುಪದ್ಯ ಕಾಣಿಸಿತು. ಸುದ್ದಿ ಕೊಟ್ಟವನು ತಾನೆಂದು ಸೂಚಿಸಿ ಅವಮಾನ ಮಾಡಿದ್ದಾರೆ ಎಂದು ಬರ್ನ್ ಎಂಬ ಸದಸ್ಯನು ಕ್ಲಬ್ಬಿನ ಒಡೆಯರಾದ ಡೀನ್ ದಂಪತಿಗಳ ಮೇಲೆ ದಾವಾ ಹೂಡಿದನು. ಪದ್ಯ ಬರೆದವರು ಯಾರೆಂಬುದು ತಿಳಿಯದು. ೧೯೩೭ರಲ್ಲಿ ಅಪೀಲು ನ್ಯಾಯಾಲಯವು ಎರಡು ಮಾತು ಹೇಳಿತು. ಗೋಡೆ ತನ್ನ ವಶದಲ್ಲಿದ್ದು, ಬರಹವನ್ನು ಕಂಡೂ, ಸುಲಭವಾಗಿ ತೆಗೆಯಬಹುದಾಗಿದ್ದೂ ತೆಗೆಯದೆ ಬಿಟ್ಟವನು ಆ ಪ್ರಕಟನೆಯಲ್ಲಿ ಪಾಲುಗೊಂಡಂತೆಯೇ ಎಂಬುದು ಮೊದಲನೆಯದು. ಅಪರಾಧವನ್ನು ಪೋಲೀಸರಿಗೆ ತಿಳಿಸಿದನೆಂದು ಹೇಳುವುದರಿಂದ ಸಜ್ಜನರ ಕಣ್ಣಿನಲ್ಲಿ ಯಾರ ಮಾನವೂ ಕಳೆಯದು ಎಂಬುದು ಎರಡನೆಯದು. ಹೀಗಾಗಿ ಬರ್ನ್ ಸೋತನು. ಆದರೆ ಮೊದಲನೆಯ ಮಾತು ಉಳಿಯಿತು. ಅದಕ್ಕೆ ನ್ಯಾಯಾಧೀಶರು ಒಂದು ವಿನಾಯಿತಿಯನ್ನೂ ಸೂಚಿಸಿದ್ದರು. ಬರಹವನ್ನು ಯಾರೋ ಕಲ್ಲಿನಲ್ಲಿ ಆಳವಾಗಿ ಕೆತ್ತಿಹೋಗಿದ್ದು, ತೆಗೆಯಬೇಕಾದರೆ ಬಹಳ ಶ್ರಮ, ಬಹಳ ಖರ್ಚು ಹಿಡಿಯುವಂತಿದ್ದರೆ, ತೆಗೆಯದಿದ್ದ ಮಾತ್ರಕ್ಕೆ ಒಪ್ಪಿಗೆಯಿತ್ತೆಂದು ಊಹಿಸಬಾರದು ಎಂದರು. ಅಳಿಸುವ ಶಕ್ತಿ ಎಷ್ಟೋ, ಹೊಣೆ ಅಷ್ಟು.

ಗೋಡೆಯದು ಹೀಗಾಯಿತು, ಪುಸ್ತಕದಂಗಡಿಯ ಮಾತೇನು? ಅಂಗಡಿಯವನು ಸಾವಿರಾರು ಪುಸ್ತಕ ಮಾರುತ್ತಾನೆ. ಎಲ್ಲವನ್ನೂ ಓದಿ ಮಾರಬೇಕೆಂದರೆ ಅವನ ಆಯುಸ್ಸು ಸಾಲದು. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಅಶ್ಲೀಲ ಪುಸ್ತಕವು ಅಂಗಡಿಯಲ್ಲಿದ್ದರೆ ಸಾಕು, ಅಂಗಡಿಯವನಿಗೆ ಅದರ ತಿರುಳು ತಿಳಿದಿರಲಿ ಬಿಡಲಿ, ಶಿಕ್ಷೆ ಎಂಬ ಕಟ್ಟಳೆಯಿತ್ತು. ೧೯೫೯ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಹಾಗೆ ಶಿಕ್ಷಿಸಿದರೆ ಅಂಗಡಿಯವನು ತಾನು ಪರೀಕ್ಷಿಸಿದ ಕೆಲವೇ ಪುಸ್ತಕಗಳನ್ನು ಇಡುವನು. ಆಗ ಕೆಟ್ಟ ಪುಸ್ತಕಗಳೊಡನೆ ಒಳ್ಳೆಯ ಪುಸ್ತಕಗಳೂ ಜನರ ಕೈಗೆ ಸಿಗದೆ ಹೋಗುವುವು ಎಂಬುದು ಅದರ ತರ್ಕ. ನಮ್ಮ ದೇಶದಲ್ಲಿ ೧೯೬೪ರಲ್ಲಿ ಇದೇ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಮುಂಬಯಿಯ ಅಂಗಡಿಯೊಂದರಲ್ಲಿ ಲಾರೆನ್ಸನ ಕಾದಂಬರಿಯೊಂದು ಮಾರಾಟವಾದ ಬಗೆಗಿನ ಆ ಮೊಕದ್ದಮೆಯಲ್ಲಿ, ಪುಸ್ತಕ ಅಶ್ಲೀಲವೆಂದು ಮಾರಿದವನಿಗೆ ತಿಳಿದಿತ್ತೆಂಬುದನ್ನು ಸರಕಾರವು ಸಿದ್ಧಪಡಿಸಬೇಕಾದುದಿಲ್ಲ ಎಂದು ತೀರ್ಪಾಯಿತು. ಒಂದೇ ಪ್ರಶ್ನೆ, ಐದು ವರ್ಷಗಳ ಅಂತರ, ಉತ್ತರ ಮಾತ್ರ ಬೇರೆ ಬೇರೆ.

ಪತ್ರಿಕೆಯ ಸಂಪಾದಕನ ಸ್ಥಾನವು ಈ ಎರಡಕ್ಕಿಂತಲೂ ಭಿನ್ನವಾದುದು. ಅವನು ಬಂದ ಬರಹವನ್ನು ಓದುತ್ತಾನೆ, ಆರಿಸುತ್ತಾನೆ, ತಿದ್ದುತ್ತಾನೆ, ಬೇಡವಾದುದನ್ನು ಬುಟ್ಟಿಗೆ ಹಾಕುತ್ತಾನೆ. ‘ವಾಚಕರ ಪತ್ರ’ದಲ್ಲಿ ಬಂದ ಮಾನಹಾನಿಗೂ ಅವನು ಉತ್ತರ ಹೇಳಬೇಕಾಗುವುದು ಆ ಕಾರಣದಿಂದಲೇ. ಹೀಗೆ ಕಾಯಿದೆಯ ಮುಂದೆ ಮೂರು ಮಾದರಿಗಳಿದ್ದವು: ಎಲ್ಲಕ್ಕೂ ಹೊಣೆಯಾದ ಸಂಪಾದಕ, ಓದದೆ ಮಾರುವ ಪುಸ್ತಕದಂಗಡಿಯವನು, ಇತರರು ಬರೆದುಹೋಗುವ ಗೋಡೆಯ ಯಜಮಾನ. ಜಾಲತಾಣದವನು ಇವರಲ್ಲಿ ಯಾರ ಪಂಕ್ತಿಗೆ ಸೇರಿದವನು?

ಅಮೆರಿಕದಲ್ಲಿ ಈ ಪ್ರಶ್ನೆ ಮೊದಲು ಎದ್ದಿತು. ಕಂಪ್ಯುಸರ್ವ್ ಎಂಬ ಸಂಸ್ಥೆಯು ತನ್ನ ಬಳಿ ಬರುವ ಬರಹಗಳನ್ನು ಮುಂಚಿತವಾಗಿ ನೋಡುತ್ತಿರಲಿಲ್ಲ. ೧೯೯೧ರಲ್ಲಿ ನ್ಯಾಯಾಲಯವು ಅದನ್ನು ಪುಸ್ತಕದಂಗಡಿಗೂ ಗ್ರಂಥಾಲಯಕ್ಕೂ ಹೋಲಿಸಿ, ವಿಷಯ ತಿಳಿಯದಿದ್ದುದರಿಂದ ಹೊಣೆಯಿಲ್ಲ ಎಂದಿತು. ಪ್ರಾಡಿಜಿ ಎಂಬ ಇನ್ನೊಂದು ಸಂಸ್ಥೆಯು ತನ್ನದು ಸಂಸಾರಸ್ಥರು ಬರಬಹುದಾದ ತಾಣವೆಂದು ಸಾರಿ, ಅಸಭ್ಯವಾದ ಬರಹಗಳನ್ನು ಸೋಸುತ್ತಿತ್ತು. ೧೯೯೫ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು, ಸೋಸುವುದರಿಂದಲೇ ಇದು ಸಂಪಾದಕನಂತೆ, ಆದುದರಿಂದ ಇದು ಹೊಣೆ ಎಂದಿತು. ಇದರ ವಿಪರೀತವನ್ನು ನೋಡಿರಿ! ಅಂಗಳ ಗುಡಿಸದವನಿಗೆ ಬಿಡುಗಡೆ. ಗುಡಿಸಹೊರಟವನಿಗೆ, ಒಂದು ಮೂಲೆಯಲ್ಲಿ ಕಸ ಉಳಿಯಿತೆಂದು ದಂಡ. ಹೀಗಾದರೆ ಪೊರಕೆ ಹಿಡಿಯುವವರು ಯಾರು? ಈ ತೊಡಕನ್ನು ಬಿಡಿಸಲು ೧೯೯೬ರಲ್ಲಿ ಅಮೆರಿಕದ ಶಾಸನಸಭೆಯು ೨೩೦ನೆಯ ಪ್ರಕರಣವೆಂದು ಪ್ರಸಿದ್ಧವಾದ ವಿಧಿಯನ್ನು ತಂದಿತು. ಬೇರೊಬ್ಬನು ಒದಗಿಸಿದ ಬರಹಕ್ಕೆ ತಾಣದವನನ್ನು ಪ್ರಕಾಶಕನೆಂದಾಗಲಿ ಮಾತನಾಡಿದವನೆಂದಾಗಲಿ ಎಣಿಸಬಾರದು. ಸದುದ್ದೇಶದಿಂದ ಸೋಸಿದ್ದಕ್ಕೆ ಅವನನ್ನು ಹಿಡಿಯಲೂ ಬಾರದು ಎಂಬುದು ಅದರ ಸಾರ. ಅಲ್ಲಿಯ ರಕ್ಷಣೆ ಬಹಳ ಅಗಲವಾದುದು.

ನಮ್ಮ ದೇಶವು ಅಷ್ಟು ದೂರ ಹೋಗಲಿಲ್ಲ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೭೯ನೆಯ ಪ್ರಕರಣವು ಮೊದಲು ಬಹು ಸಂಕುಚಿತವಾಗಿತ್ತು. ಅಪರಾಧವು ತನ್ನ ಅರಿವಿಗೆ ಬಾರದೆ ನಡೆಯಿತೆಂದೋ, ತಾನು ತಕ್ಕ ಎಚ್ಚರವನ್ನೆಲ್ಲ ವಹಿಸಿದ್ದೆನೆಂದೋ ತಾಣದವನೇ ತೋರಿಸಿಕೊಡಬೇಕಾಗಿತ್ತು. ಅಲ್ಲದೆ ಆ ರಕ್ಷಣೆ ಆ ಒಂದು ಕಾಯಿದೆಯ ಅಪರಾಧಗಳಿಗೆ ಮಾತ್ರ; ಮಾನಹಾನಿಯಂತಹ ಬೇರೆ ಕಾಯಿದೆಯ ವಿಷಯಗಳಿಗೆ ಅದು ಒದಗುತ್ತಿರಲಿಲ್ಲವೆಂದು ೨೦೧೯ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಇದರ ಬಿಸಿ ತಟ್ಟಿದ್ದು ೨೦೦೪ರಲ್ಲಿ. ‘ಬಾಜೀ’ ಎಂಬ ಜಾಲದಂಗಡಿಯಲ್ಲಿ ಯಾರು ಬೇಕಾದರೂ ತಮ್ಮ ಸರಕನ್ನು ಮಾರಾಟಕ್ಕಿಡಬಹುದಾಗಿತ್ತು. ನವೆಂಬರ್ ೨೭ರ ಶನಿವಾರ ವಿದ್ಯಾರ್ಥಿಯೊಬ್ಬನು ಅಶ್ಲೀಲವಾದ ದೃಶ್ಯಮುದ್ರಿಕೆಯೊಂದನ್ನು ಬೇರೆ ಹೆಸರಿನ ಮರೆಯಲ್ಲಿ ಅಲ್ಲಿ ಮಾರಾಟಕ್ಕಿಟ್ಟನು. ಸೋಮವಾರ ಬೆಳಗ್ಗೆ ಅಂಗಡಿಯವರು ಅದನ್ನು ತೆಗೆದರು. ಅಷ್ಟರಲ್ಲಿ ಕೆಲವು ಪ್ರತಿಗಳು ಮಾರಾಟವಾಗಿದ್ದವು. ಡಿಸೆಂಬರಿನಲ್ಲಿ ಪೋಲೀಸರು ಅಂಗಡಿಯ ಮುಖ್ಯಾಧಿಕಾರಿಯನ್ನೇ ಬಂಧಿಸಿದರು. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂದು ಕೆಲವರು ಆಡಿಕೊಂಡರು. ‘ಮಾರಾಟದ ಲಾಭ ಪಡೆಯುವವನಿಗೆ ಸರಕಿನ ಮೇಲೆ ಕಣ್ಣಿರಬೇಡವೆ?’ ಎಂದು ಕೆಲವರು ಕೇಳಿದರು. ಎರಡು ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಮುಖ್ಯಾಧಿಕಾರಿಗೆ ಪೂರ್ಣ ಬಿಡುಗಡೆ ದೊರೆತುದು ೨೦೧೨ರಲ್ಲಿ. ಅದೂ ಕಂಪನಿಯನ್ನು ಆರೋಪಿಯನ್ನಾಗಿ ಮಾಡದೆ ಅಧಿಕಾರಿಯನ್ನು ಮಾತ್ರ ಹಿಡಿಯಲಾಗದೆಂಬ ಕಾರಣದಿಂದ. ಅದೇ ಅಂಗಡಿಯ ಇನ್ನೊಬ್ಬ ಅಧಿಕಾರಿಯು ೨೦೧೬ರವರೆಗೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಒಂದು ಶನಿವಾರ ಹಾಕಿ ಸೋಮವಾರ ತೆಗೆದ ಸರಕಿಗೆ ಹನ್ನೆರಡು ವರ್ಷಗಳ ಅಲೆದಾಟ!

ಈ ಪ್ರಸಂಗದ ಬಳಿಕ ಕಾಯಿದೆ ತಿದ್ದುಪಡಿಯಾಯಿತು. ೨೦೦೮ರಲ್ಲಿ ಅಂಗೀಕಾರವಾಗಿ ೨೦೦೯ರ ಅಕ್ಟೋಬರ್ ೨೭ರಿಂದ ಜಾರಿಗೆ ಬಂದ ಹೊಸ ೭೯ನೆಯ ಪ್ರಕರಣವು ಜಾಲತಾಣದವನನ್ನು ‘ಮಧ್ಯವರ್ತಿ’ ಎಂದು ಕರೆಯುತ್ತದೆ. ಇತರರ ಮಾಹಿತಿಗೆ ಅವನು ಹೊಣೆಯಲ್ಲ ಎಂಬುದು ಅಲ್ಲಿ ಸಾಮಾನ್ಯ ನಿಯಮ. ಆದರೆ ಕಟ್ಟುಪಾಡುಗಳುಂಟು. ಅವನು ಕೇವಲ ದಾರಿ ಒದಗಿಸುವವನಾಗಿರಬೇಕು, ಇಲ್ಲವೆ ಬರಹವನ್ನು ತಾನಾಗಿ ಹೊರಡಿಸದೆ, ಯಾರಿಗೆ ಹೋಗಬೇಕೆಂದು ಗೊತ್ತುಮಾಡದೆ, ಅದರ ಒಳಗನ್ನು ಆರಿಸದೆ ಬದಲಿಸದೆ ಇರಬೇಕು. ಸರಕಾರದ ನಿಯಮಗಳಂತೆ ತಕ್ಕ ಎಚ್ಚರ ವಹಿಸಬೇಕು. ಅಪರಾಧದಲ್ಲಿ ತಾನೇ ಒಳಸಂಚು ಮಾಡಿದ್ದರೆ, ಕುಮ್ಮಕ್ಕು ಕೊಟ್ಟಿದ್ದರೆ ರಕ್ಷಣೆಯಿಲ್ಲ. ಕೊನೆಯದಾಗಿ, ಕಾಯಿದೆಗೆ ವಿರುದ್ಧವಾದುದು ತನ್ನಲ್ಲಿದೆಯೆಂದು ವಾಸ್ತವವಾಗಿ ತಿಳಿದ ಮೇಲೆ ಬೇಗನೆ ತೆಗೆಯದಿದ್ದರೂ ರಕ್ಷಣೆಯಿಲ್ಲ. ಗಾಲ್ಫ್ ಕ್ಲಬ್ಬಿನ ಗೋಡೆಯ ನ್ಯಾಯವೇ ಇಲ್ಲಿ ಬಂದು ಕುಳಿತಿರುವುದನ್ನು ವಾಚಕರು ಗಮನಿಸಬಹುದು.

ಈಗ ‘ತಿಳಿಯುವುದು’ ಎಂದರೇನು? ಯಾರೋ ಒಬ್ಬನು ‘ಇದು ನನಗೆ ಅವಮಾನ, ತೆಗೆಯಿರಿ’ ಎಂದು ಕಾಗದ ಬರೆದರೆ ತಿಳಿದಂತಾಯಿತೆ? ಹೌದೆಂದು ಇಟ್ಟುಕೊಳ್ಳೋಣ. ಆಸ್ಪತ್ರೆಯೊಂದರಲ್ಲಿ ತನಗಾದ ಅನ್ಯಾಯವನ್ನು ರೋಗಿಯೊಬ್ಬನು ನಿಜವಾಗಿಯೇ ಬರೆದಿದ್ದಾನೆ. ಆಸ್ಪತ್ರೆಯವರು ವಕೀಲರಿಂದ ನೋಟೀಸು ಕೊಡಿಸುತ್ತಾರೆ. ತಾಣದವನಿಗೆ ರೋಗಿಯ ಪರಿಚಯವಿಲ್ಲ, ನಿಜ ಸುಳ್ಳುಗಳನ್ನು ಬಿಡಿಸುವ ಸಾಧನವೂ ಇಲ್ಲ. ತೆಗೆದರೆ ಅವನಿಗೇನೂ ನಷ್ಟವಿಲ್ಲ. ಇಟ್ಟರೆ ಕೋರ್ಟಿನ ಭಯ. ಅವನು ತೆಗೆಯದೆ ಇದ್ದಾನೆಯೆ? ಹೀಗೆ ಬಲವುಳ್ಳವನ ಒಂದು ಕಾಗದಕ್ಕೆ ಬಡವನ ನಿಜವಾದ ಮಾತು ಅಳಿಸಿಹೋಗುತ್ತದೆ. ಅಳಿಸಿದ್ದು ಯಾರೆಂದು ಕೇಳಿದರೆ, ಯಾರೂ ಅಲ್ಲ!

ಇದನ್ನೇ ಮನಗಂಡು ಸುಪ್ರೀಂ ಕೋರ್ಟು ೨೦೧೫ರ ಮಾರ್ಚ್ ೨೪ರಂದು ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ ಪ್ರಸಿದ್ಧವಾದ ತೀರ್ಪನ್ನಿತ್ತಿತು. ಕಿರಿಕಿರಿಯೆನಿಸುವ ಬರಹಕ್ಕೂ ಜೈಲು ವಿಧಿಸಬಹುದಾಗಿದ್ದ ೬೬ಎ ಪ್ರಕರಣವನ್ನು ಅದು ರದ್ದುಮಾಡಿದ್ದು ಎಲ್ಲರಿಗೂ ನೆನಪಿದೆ. ಅದೇ ತೀರ್ಪಿನ ಇನ್ನೊಂದು ಭಾಗ ಅಷ್ಟು ಪ್ರಚಾರ ಪಡೆಯಲಿಲ್ಲ. ೭೯ನೆಯ ಪ್ರಕರಣದಲ್ಲಿ ‘ವಾಸ್ತವವಾದ ತಿಳಿವು’ ಎಂದರೆ ನ್ಯಾಯಾಲಯದ ಆಜ್ಞೆ, ಇಲ್ಲವೆ ಸರಕಾರದ ಅಥವಾ ಅದರ ಅಧಿಕಾರಿಯ ಸೂಚನೆ ಎಂದು ಅರ್ಥಮಾಡಬೇಕು. ಕೋಟಿಗಟ್ಟಲೆ ಮನವಿಗಳಲ್ಲಿ ಯಾವುದು ನ್ಯಾಯ ಯಾವುದು ಅನ್ಯಾಯವೆಂದು ಮಧ್ಯವರ್ತಿಯೇ ತೀರ್ಮಾನಿಸುವುದು ಸಾಧ್ಯವಲ್ಲ ಎಂದು ಅದು ಹೇಳಿತು. ಸಂವಿಧಾನದ ೧೯ನೆಯ ವಿಧಿಯು ವಾಕ್‌ಸ್ವಾತಂತ್ರ್ಯಕ್ಕೆ ಹಾಕಿರುವ ಎಲ್ಲೆಗಳೊಳಗೆ ಮಾತ್ರ ಅಂತಹ ಆಜ್ಞೆಗಳು ಹೊರಡಬೇಕು ಎಂದೂ ಸೇರಿಸಿತು. ನ್ಯಾಯಾಧೀಶನ ಪೀಠದಲ್ಲಿ ಅಂಗಡಿಯವನನ್ನು ಕೂಡಿಸಬಾರದೆಂಬುದು ಇದರ ತಿರುಳು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವುಂಟು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳ ಮುಖವನ್ನು ಯಾವುದೋ ಹೊಲಸು ಚಿತ್ರಕ್ಕೆ ಅಂಟಿಸಿ ಯಾವನೋ ಪಾಪಿಯು ತಾಣದಲ್ಲಿ ಹಾಕುತ್ತಾನೆ. ಅವಳು ಕೋರ್ಟಿನ ಆಜ್ಞೆ ತರುವ ಹೊತ್ತಿಗೆ ಚಿತ್ರವು ಊರೆಲ್ಲ ಸುತ್ತಿ ಬಂದಿರುತ್ತದೆ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಆ ಮನೆಯವರಿಗೆ ವಾಕ್‌ಸ್ವಾತಂತ್ರ್ಯದ ಸೂಕ್ಷ್ಮಗಳನ್ನು ಉಪದೇಶಿಸಹೊರಡುವುದು ನಿಷ್ಠುರತೆಯಾದೀತು.

೨೦೨೧ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮಗಳು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಹೊರಟವು. ಪ್ರತಿಯೊಬ್ಬ ಮಧ್ಯವರ್ತಿಯೂ ದೂರು ಕೇಳುವ ಅಧಿಕಾರಿಯೊಬ್ಬನನ್ನು ನೇಮಿಸಿ ಅವನ ಹೆಸರು ವಿಳಾಸಗಳನ್ನು ತಾಣದಲ್ಲಿ ಪ್ರಕಟಿಸಬೇಕು. ಬಂದ ದೂರನ್ನು ೨೪ ಗಂಟೆಗಳಲ್ಲಿ ಒಪ್ಪಿಕೊಂಡು ೧೫ ದಿನಗಳಲ್ಲಿ ತೀರಿಸಬೇಕೆಂದು ಆಗ ವಿಧಿಸಲಾಯಿತು. ನಗ್ನಚಿತ್ರ, ಮುಖ ಬದಲಿಸಿದ ಕೃತಕ ಚಿತ್ರಗಳ ವಿಷಯದಲ್ಲಿ ಮಾತ್ರ, ನೊಂದ ವ್ಯಕ್ತಿಯ ದೂರು ಬಂದ ೨೪ ಗಂಟೆಗಳೊಳಗೆ, ಕೋರ್ಟಿನ ಆಜ್ಞೆಗೆ ಕಾಯದೆ ಅದನ್ನು ತೆಗೆಯಲು ಕ್ರಮ ಕೈಗೊಳ್ಳಬೇಕೆಂದು ಗೊತ್ತಾಯಿತು. ಭಾರತದಲ್ಲಿ ೫೦ ಲಕ್ಷಕ್ಕೆ ಮೇಲ್ಪಟ್ಟು ಬಳಕೆದಾರರುಳ್ಳ ಸಾಮಾಜಿಕ ತಾಣಗಳಿಗೆ ಇನ್ನೂ ಹೆಚ್ಚಿನ ಹೊರೆ ಬಿದ್ದಿತು. ದೂರಿನ ಅಧಿಕಾರಿಯ ತೀರ್ಮಾನ ಒಪ್ಪಿಗೆಯಾಗದವರು ಮೇಲ್ಮನವಿ ಸಮಿತಿಗೆ ಹೋಗುವ ದಾರಿ ೨೦೨೨ರ ತಿದ್ದುಪಡಿಯಿಂದ ತೆರೆಯಿತು. ಈ ನಿಯಮಗಳು ಆಮೇಲೂ ತಿದ್ದುಪಡಿಯಾಗಿರುವುದರಿಂದ, ಗಡುವುಗಳ ಲೆಕ್ಕವನ್ನು ದೂರು ಕೊಡುವ ದಿನದ ನಿಯಮ ನೋಡಿಯೇ ತಿಳಿಯಬೇಕು.

ಈ ವಾದದಲ್ಲಿ ನಮ್ಮ ಬೆಂಗಳೂರಿನ ಹೈಕೋರ್ಟೂ ಪಾಲುಗೊಂಡಿದೆ. ಸರಕಾರದ ತಡೆಯಾಜ್ಞೆಗಳನ್ನು ಪ್ರಶ್ನಿಸಿ ಟ್ವಿಟರ್ ಸಂಸ್ಥೆಯು ತಂದ ಅರ್ಜಿಯನ್ನು ೨೦೨೩ರ ಜೂನ್ ೩೦ರಂದು ಅದು ವಜಾ ಮಾಡಿ ೫೦ ಲಕ್ಷ ರೂಪಾಯಿ ದಂಡ ಹಾಕಿತು. ಅಧಿಕಾರಿಗಳು ‘ಸಹಯೋಗ್’ ಎಂಬ ವ್ಯವಸ್ಥೆಯ ಮೂಲಕ ಬರಹಗಳನ್ನು ತೆಗೆಯಿರೆಂದು ತಿಳಿಸುವುದನ್ನು ಅದೇ ಸಂಸ್ಥೆಯು, ‘ಎಕ್ಸ್’ ಎಂಬ ಹೊಸ ಹೆಸರಿನಲ್ಲಿ, ಪ್ರಶ್ನಿಸಿದಾಗ ೨೦೨೫ರ ಸೆಪ್ಟೆಂಬರ್ ೨೪ರಂದು ಆ ಅರ್ಜಿಯೂ ವಜಾ ಆಯಿತು. ೨೦೧೫ರ ತೀರ್ಪು ಹಳೆಯ ನಿಯಮಗಳ ಕಾಲದ್ದು, ಅದನ್ನು ಹೊಸ ನಿಯಮಗಳಿಗೆ ಹಾಗೆಯೇ ಹೊಂದಿಸಲಾಗದು ಎಂಬುದು ಆ ಪೀಠದ ಅಭಿಪ್ರಾಯ. ತೆಗೆಯೆಂದು ಹೇಳುವ ಅಧಿಕಾರ ಯಾರಿಗಿರಬೇಕು, ಹೇಳುವ ಮುನ್ನ ಬರೆದವನ ಮಾತನ್ನು ಕೇಳಬೇಕೆ ಬೇಡವೆ ಎಂಬ ಚರ್ಚೆ ವಿಚಾರವಂತರಲ್ಲಿ ನಿಂತಿಲ್ಲ, ನಿಲ್ಲಬೇಕಾದುದೂ ಇಲ್ಲ.

ಇವೆಲ್ಲ ದೊಡ್ಡ ಸಂಸ್ಥೆಗಳ ಮಾತಾಯಿತು, ನಮಗೇನು ಎಂದು ಯಾರೂ ಭಾವಿಸಬೇಕಾದುದಿಲ್ಲ. ಹಳೆಯ ವಿದ್ಯಾರ್ಥಿಗಳ ಸಂಘ, ಸಹಕಾರ ಸಂಘ, ದೇವಸ್ಥಾನದ ಸಮಿತಿ, ಇವುಗಳು ತಮ್ಮ ತಾಣವನ್ನು ನಡೆಸಿದರೆ, ಇತರರಿಗೆ ಅಲ್ಲಿ ಬರೆಯಲು ಎಡೆ ಕೊಟ್ಟರೆ, ೭೯ನೆಯ ಪ್ರಕರಣದ ಮಾತು ಅವರಿಗೂ ಅನ್ವಯಿಸುತ್ತದೆ. ವಾಟ್ಸಾಪ್ ಗುಂಪುಗಳನ್ನು ಕಟ್ಟಿದವರಲ್ಲಿಯೂ ಒಂದು ಭಯವಿದೆ. ೨೦೨೧ರಲ್ಲಿ ಮುಂಬಯಿ ಹೈಕೋರ್ಟಿನ ನಾಗಪುರ ಪೀಠವೂ ೨೦೨೨ರಲ್ಲಿ ಕೇರಳ ಹೈಕೋರ್ಟೂ ಈ ಭಯವನ್ನು ಬಹಳಮಟ್ಟಿಗೆ ನೀಗಿವೆ. ಗುಂಪಿನ ಸದಸ್ಯನು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ, ಪೂರ್ವಸಂಕೇತವಿಲ್ಲದಿದ್ದರೆ, ಗುಂಪಿನ ನಿರ್ವಾಹಕನು ಕೇವಲ ನಿರ್ವಾಹಕನೆಂಬ ಕಾರಣಕ್ಕೆ ಹೊಣೆಯಾಗನು ಎಂದು ಅವು ಹೇಳಿವೆ. ಆದರೆ ತಾನೇ ಹುರಿದುಂಬಿಸಿದವನಿಗೆ, ತಾನೇ ಮುಂದಕ್ಕೆ ಕಳುಹಿಸಿದವನಿಗೆ ಈ ಮಾತು ಆಸರೆಯಾಗದು. ಮುಂದಕ್ಕೆ ಕಳುಹಿಸಿದ ಕ್ಷಣವೇ ಅವನು ಜಗುಲಿಯ ಯಜಮಾನನಲ್ಲ, ಮಾತನಾಡಿದವನು.

ಇಂತಹ ತಾಣವನ್ನು ನಡೆಸುವವರು ಅನುಸರಿಸಬಹುದಾದ ರೀತಿ ಕಷ್ಟವಾದುದಲ್ಲ. ಏನು ಬರೆಯಬಹುದು, ಏನು ಬರೆಯಬಾರದು ಎಂಬ ನಿಯಮವನ್ನು ಸರಳವಾದ ಕನ್ನಡದಲ್ಲಿ ಬಾಗಿಲಲ್ಲೇ ತೂಗುಹಾಕಬೇಕು. ದೂರು ಕೊಡಬೇಕಾದವರು ಯಾರಿಗೆ ಬರೆಯಬೇಕೆಂಬುದು ಎದ್ದು ಕಾಣುವಂತಿರಬೇಕು. ದೂರು ಬಂದರೆ ಬಂದ ದಿನವನ್ನೂ ಕೈಗೊಂಡ ಕ್ರಮವನ್ನೂ ಬರೆದಿಡಬೇಕು. ಕೋರ್ಟಿನ ಅಥವಾ ಅಧಿಕೃತವಾದ ಆಜ್ಞೆ ಬಂದರೆ ತಡಮಾಡದೆ ನಡೆಸಿ, ತೆಗೆದುದರ ಪ್ರತಿಯನ್ನು ನಿಯಮದಂತೆ ಕಾಪಾಡಬೇಕು. ನೊಂದವರಾದರೂ ಮೊದಲು ಆ ಪುಟದ ಚಿತ್ರವನ್ನೂ ವಿಳಾಸವನ್ನೂ ದಿನಾಂಕವನ್ನೂ ಉಳಿಸಿಕೊಂಡು, ಬಳಿಕ ದೂರು ಕೊಡಬೇಕು. ಕೋಪದಲ್ಲಿ ಮೊದಲೇ ಅಳಿಸಿಹಾಕಿಸಿದರೆ ಸಾಕ್ಷ್ಯವೂ ಅಳಿದುಹೋದೀತು.

ಒಂದು ಮಾತನ್ನು ಮಾತ್ರ ಮರೆಯುವಂತಿಲ್ಲ. ತಾಣದವನಿಗೆ ಕಾಯಿದೆ ಕೊಟ್ಟ ರಕ್ಷಣೆ ಬರೆದವನಿಗೆ ಕೊಟ್ಟ ರಕ್ಷಣೆಯಲ್ಲ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯ ೩೫೬ನೆಯ ಪ್ರಕರಣವು ಮಾನಹಾನಿಯನ್ನು ಅಪರಾಧವೆಂದೇ ಎಣಿಸುತ್ತದೆ. ಬರೆದದ್ದು ಕಾಗದದಲ್ಲಾದರೇನು, ಜಾಲದಲ್ಲಾದರೇನು? ಸುಳ್ಳು ಹೆಸರಿನ ಮುಸುಕು ಹೊದ್ದುಕೊಂಡರೆ ಉಳಿದೇನೆಂದು ನಂಬಿದವರನ್ನು ಹುಡುಕಿ ತೆಗೆಯುವ ಉಪಾಯಗಳೂ ಉಂಟು.

ಗೋಡೆಗೆ ಸುಣ್ಣ ಬಳಿಯುವುದು ಯಜಮಾನನ ಕೆಲಸ. ಆದರೆ ದಿನವೂ ಹೊಸದಾಗಿ ಬರೆಯುವವರಿದ್ದರೆ ಎಷ್ಟು ಸುಣ್ಣ ತಂದರೂ ಸಾಲದು. ಯಾರೇನು ಬರೆದಾರೋ ಎಂಬ ಹೆದರಿಕೆಗೆ ಊರಿನ ಗೋಡೆಗಳನ್ನೆಲ್ಲ ಕೆಡವಿಹಾಕಿದರೆ, ನಿಜ ಹೇಳುವವನಿಗೂ ಒರಗಲು ಗೋಡೆ ಉಳಿಯದು. ನೊಂದವರ ದೂರಿಗೆ ಬೇಗನೆ ಕಿವಿಗೊಡುವ ಯಜಮಾನ, ಎರಡು ಕಡೆಯನ್ನೂ ಕೇಳಿ ಆಜ್ಞೆ ಮಾಡುವ ನ್ಯಾಯಸ್ಥಾನ, ಬರೆಯುವ ಮುನ್ನ ಒಂದು ಗಳಿಗೆ ಯೋಚಿಸುವ ಬರೆಹಗಾರ, ಈ ಮೂವರೂ ತಮ್ಮ ತಮ್ಮ ಪಾಲಿನ ಹೊಣೆಯನ್ನು ಹೊತ್ತರೆ ಜಗುಲಿಯೂ ಉಳಿದೀತು, ಜನರ ಮಾನವೂ ಉಳಿದೀತು.